ಬಾವಿಯ ನೆನಪು ಸಾಕು, ಕೊಳ ಕಟ್ಟಿಸಿ

ಕನ್ನಡದಲ್ಲಿ ಬಾಲ್ಯದ ಬಗ್ಗೆ ಬರೆಯಲು ಕೂತವರಿಗೆ ಒಂದು ಬಾವಿ ಬೇಕೇ ಬೇಕು. ಬಾವಿ ಇಲ್ಲದಿದ್ದರೆ ಹೊಳೆ, ಹೊಳೆಯೂ ಇಲ್ಲದಿದ್ದರೆ ಕೆರೆ. ಬೇಸಿಗೆ ರಜೆಯ ಮಧ್ಯಾಹ್ನ, ಬೆನ್ನಿಗೆ ಒಣಗಿದ ಸೋರೆ ಬುರುಡೆ, ಮೇಲಿನಿಂದ ತಳ್ಳುವ ಸೋದರಮಾವ, ಮೂಗಿನಲ್ಲಿ ಬಾಯಲ್ಲಿ ನೀರು. ಸಂಜೆಯ ಹೊತ್ತಿಗೆ ಹುಡುಗ ಮೀನಾಗಿರುತ್ತಾನೆ. ಕೊನೆಯ ಪ್ಯಾರಾದಲ್ಲಿ ಒಂದು ನಿಟ್ಟುಸಿರು: ಈಗಿನ ಮಕ್ಕಳು ದುಡ್ಡು ಕೊಟ್ಟು ಕ್ಲೋರಿನ್ ನೀರಿನಲ್ಲಿ ಈಜುತ್ತವೆ, ಪಾಪ.

ನಾನು ಪಿಎಚ್‌ಡಿಗೆ ಆರಿಸಿಕೊಂಡಿರುವುದು ಬಾಲ್ಯದ ಕಥನಗಳನ್ನೇ. ಆದ್ದರಿಂದ ಇಂಥ ಬಾವಿಗಳಲ್ಲಿ ನಾನು ಬೇಕಾದಷ್ಟು ಸಲ ಮುಳುಗಿ ಎದ್ದಿದ್ದೇನೆ. ಚೆನ್ನಾಗಿ ಬರೆದವರೂ ಇದ್ದಾರೆ, ಇಲ್ಲವೆನ್ನುವುದಿಲ್ಲ. ಆದರೆ ಓದುತ್ತ ಓದುತ್ತ ಒಂದು ಪ್ರಶ್ನೆ ಗಂಟಲಿಗೆ ಸಿಕ್ಕಿಕೊಂಡಿತು. ಆ ಹುಡುಗರು ಬಿಚ್ಚಿಟ್ಟ ಅಂಗಿ ಚಡ್ಡಿಗಳನ್ನು ಕಾಯುತ್ತಿದ್ದವರು ಯಾರು?

ಉತ್ತರ ನನಗೆ ಗೊತ್ತು. ನಾನೇ ಕಾಯುತ್ತಿದ್ದೆ.

ನಮ್ಮೂರು ಹೂವಿನಹಡಗಲಿ ತಾಲ್ಲೂಕಿನಲ್ಲಿ, ತುಂಗಭದ್ರೆಯ ದಂಡೆಗೆ ಹತ್ತಿರ. ಹೊಲದಲ್ಲಿ ಅಜ್ಜನ ಕಾಲದ ಕಪಲಿ ಬಾವಿಯಿತ್ತು. ಇಬ್ಬರು ಅಣ್ಣಂದಿರು ಅದರಲ್ಲಿ ಡೈ ಹೊಡೆಯುತ್ತಿದ್ದರು. ನಾನು ಮೇಲಿನ ಕಲ್ಲಿನ ಮೇಲೆ ಕೂತು ಅವರ ಬಟ್ಟೆ, ಚಪ್ಪಲಿ, ಬುತ್ತಿಗಂಟು ಕಾಯುತ್ತಿದ್ದೆ. ನನ್ನಿಂದ ಸ್ವಲ್ಪ ದೂರದಲ್ಲಿ ಕೇರಿಯ ಹುಡುಗರು ನಿಂತು ನೋಡುತ್ತಿದ್ದರು. ಅವರು ಗಂಡುಹುಡುಗರೇ. ಆದರೂ ಬಾವಿಗೆ ಇಳಿಯುವಂತಿರಲಿಲ್ಲ. ಇಳಿಯಬೇಡಿ ಎಂದು ಯಾರೂ ಬಾಯಿಬಿಟ್ಟು ಹೇಳಿದ್ದು ನಾನು ಕೇಳಿಲ್ಲ. ಹೇಳುವ ಅಗತ್ಯವೇ ಇರಲಿಲ್ಲ. ಹೀಗೆ ಒಂದು ಬಾವಿಗೆ ಇಬ್ಬರು ಈಜುಗಾರರು, ಐದಾರು ಜನ ಪ್ರೇಕ್ಷಕರು. ಮುಂದೆ ಪ್ರಬಂಧ ಬರೆಯುವವರು ಯಾರೆಂಬುದು ಅಲ್ಲಿಯೇ ತೀರ್ಮಾನವಾಗಿಬಿಟ್ಟಿತ್ತು.

ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ನೀರು ದೂರದ್ದೇನಲ್ಲ. ಕೊಡದಲ್ಲಿ ಹೊತ್ತು ತರುವವರು ನಾವು, ಹೊಳೆಗೆ ಹೋಗಿ ಬಟ್ಟೆ ಒಗೆಯುವವರು ನಾವು. ಮೈಲಾರದ ಜಾತ್ರೆಗೆ, ಕುರುವತ್ತಿಯ ಶಿವರಾತ್ರಿಗೆ ಹೋದವರು ಸೀರೆಯಲ್ಲೇ ಹೊಳೆಗಿಳಿದು ಮೂರು ಮುಳುಗು ಹಾಕಿ ಬರುತ್ತೇವೆ. ಅದಕ್ಕೆ ಯಾರ ತಕರಾರೂ ಇಲ್ಲ. ನೀರು ನಮಗೆ ನಿಷಿದ್ಧವಲ್ಲ, ನೀರಿನಲ್ಲಿ ಮುಂದಕ್ಕೆ ಹೋಗುವುದು ನಿಷಿದ್ಧ.

ನನಗೆ ಹನ್ನೊಂದು ವರ್ಷವಾಗಿದ್ದಾಗ ನನ್ನ ಸಣ್ಣತ್ತೆ ಹೊಳೆಯಲ್ಲಿ ಹೋದಳು. ಬಟ್ಟೆ ಒಗೆಯುವ ಕಲ್ಲು ಅದೇ, ಜಾಗ ಅದೇ, ಅವಳು ಇಪ್ಪತ್ತು ವರ್ಷದಿಂದ ಕಾಲಿಟ್ಟ ನೀರು ಅದೇ. ಆ ವರ್ಷ ಮರಳು ತೆಗೆದು ಗುಂಡಿ ಬಿದ್ದಿದ್ದು ಮಾತ್ರ ಅವಳಿಗೆ ಗೊತ್ತಿರಲಿಲ್ಲ. ತೇಲಿ ಹೋಗುತ್ತಿದ್ದ ಒಂದು ಲುಂಗಿ ಹಿಡಿಯಲು ಎರಡು ಹೆಜ್ಜೆ ಮುಂದಿಟ್ಟಳಂತೆ. ಅವಳ ತಮ್ಮಂದಿರೆಲ್ಲ ಆ ಹೊಳೆಯನ್ನು ಈ ದಡದಿಂದ ಆ ದಡಕ್ಕೆ ಈಜಿದವರು, ಅದನ್ನೇ ಇವತ್ತಿಗೂ ಹೇಳಿಕೊಳ್ಳುವವರು. ಅವರಲ್ಲಿ ಒಬ್ಬರೂ ಅಕ್ಕನಿಗೆ ಈಜು ಕಲಿಸಿರಲಿಲ್ಲ. ಕಲಿಸಬೇಕೆಂದು ಅವರಿಗೆ ಹೊಳೆದಿರಲೂ ಇಲ್ಲ. ದುಷ್ಟರಲ್ಲ ಅವರು. ಬಾವಿಯ ಬಗ್ಗೆ ಪ್ರೀತಿಯಿಂದ ಮಾತಾಡುವ ಎಲ್ಲರಂಥವರೇ.

ಆದ್ದರಿಂದ ಬಾವಿಯ ನೆನಪಿನ ಸಾಹಿತ್ಯದ ಬಗ್ಗೆ ನನಗೆ ಜಗಳವಿದೆ. ಆ ಸಾಹಿತ್ಯ ಸುಳ್ಳು ಹೇಳುತ್ತದೆ ಎಂದಲ್ಲ. ಬಾವಿಗೆ ಇಳಿಯಲು ಯಾರಿಗೆ ಬಿಟ್ಟರು ಎಂಬುದನ್ನು ಮರೆತು, ಹಳ್ಳಿಯಲ್ಲಿ ಎಲ್ಲರಿಗೂ ಈಜು ತಾನಾಗಿ ಬರುತ್ತಿತ್ತು ಎಂಬ ಭ್ರಮೆಯನ್ನು ಅದು ಬಿತ್ತಿದೆ. ಆ ಭ್ರಮೆಯಿಂದಲೇ ಇನ್ನೊಂದು ತೀರ್ಮಾನಕ್ಕೂ ಬರುತ್ತೇವೆ: ಈಜುಕೊಳ ನಗರದವರ ಶೋಕಿ, ಟೈಮ್ ಹಿಡಿದು ಈಜುವುದು ಇನ್ನೂ ದೊಡ್ಡ ಶೋಕಿ. ಈ ಎರಡನೆಯ ಮಾತನ್ನು ಅಲ್ಲಗಳೆಯುವುದಕ್ಕೇ ಈ ಬರಹ.

*

ನಾನು ಈಜು ಕಲಿತದ್ದು ಇಪ್ಪತ್ನಾಲ್ಕನೆಯ ವಯಸ್ಸಿನಲ್ಲಿ. ಸಂಶೋಧನೆಯ ಕೆಲಸಕ್ಕೆಂದು ಬೆಂಗಳೂರಿನಲ್ಲಿ ಎಂಟು ತಿಂಗಳು ಪಿ.ಜಿ.ಯಲ್ಲಿದ್ದಾಗ ಹತ್ತಿರದಲ್ಲೇ ಒಂದು ಸಾರ್ವಜನಿಕ ಕೊಳವಿತ್ತು, ಹೆಂಗಸರಿಗೆ ಬೇರೆ ಬ್ಯಾಚ್ ಇತ್ತು. ಊರಿಗೆ ಫೋನ್ ಮಾಡಿ ಹೇಳಿದೆ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನೀರಾಗ ಬೀಳಾಕ ರೊಕ್ಕ ಬ್ಯಾರೆ ಕೊಡ್ತಿಯೇನವ್ವಾ?’ ಅಂದಳು. ಆಮೇಲೆ ಸಣ್ಣ ದನಿಯಲ್ಲಿ, ‘ನಿಮ್ಮತ್ತಿ ನೆಪ್ಪಾದ್ಲು. ಕಲಿ, ಕಲಿ’ ಅಂದಳು.

ಮೊದಲ ಎರಡು ವಾರ ಗೋಡೆ ಹಿಡಿದು ನೀರಿನೊಳಗೆ ಉಸಿರು ಬಿಡುವುದಷ್ಟೇ ಪಾಠ. ವಯಸ್ಕರಿಗೆ ಈಜು ಕಷ್ಟವಾಗುವುದು ಕೈಕಾಲಿನ ಶಕ್ತಿ ಸಾಲದೆ ಅಲ್ಲ. ಅವರು ತಲೆಯನ್ನು ನೀರಿನ ಮೇಲೆತ್ತಿ ಹಿಡಿಯುತ್ತಾರೆ. ತಲೆ ಮೇಲೆ ಬಂದರೆ ಸೊಂಟ ಕೆಳಗೆ ಹೋಗುತ್ತದೆ, ಸೊಂಟ ಇಳಿದರೆ ಕಾಲು ಮುಳುಗುತ್ತದೆ, ಕಾಲು ಮುಳುಗಿದರೆ ಇಡೀ ಮೈ ನೀರಿಗೆ ಅಡ್ಡಗೋಡೆಯಾಗುತ್ತದೆ. ಭಯಪಟ್ಟವರು ತಲೆ ಎತ್ತುತ್ತಾರೆ, ತಲೆ ಎತ್ತಿದವರು ಮುಳುಗುತ್ತಾರೆ. ನೀರಿನಲ್ಲಿ ತಲೆ ತಗ್ಗಿಸಿದರೇ ಮುಂದೆ ಹೋಗುವುದು. ಹೆಣ್ಣುಮಕ್ಕಳಿಗೆ ತಲೆ ತಗ್ಗಿಸುವ ಪಾಠ ಬೇಕಾದಷ್ಟು ಆಗಿದೆ. ಅದು ಉಪಯೋಗಕ್ಕೆ ಬಂದದ್ದನ್ನು ನಾನು ಕಂಡಿದ್ದು ಇಲ್ಲಿ ಮಾತ್ರ.

ಮರುವರ್ಷ, ಇಪ್ಪತ್ತೈದು ತುಂಬಿದ ಮೇಲೆ, ಕೊಳದಲ್ಲಿ ಪರಿಚಯವಾದ ಬ್ಯಾಂಕ್ ಉದ್ಯೋಗಿ ಅಕ್ಕ ಒಬ್ಬರು ‘ಮಾಸ್ಟರ್ಸ್ ಮೀಟ್ ಇದೆ, ಬಾ’ ಎಂದರು. ಮಾಸ್ಟರ್ಸ್ ಎಂದರೆ ನಿಪುಣರು ಇರಬೇಕೆಂದು ಹೆದರಿದೆ. ಹಾಗಲ್ಲ. ಈಜಿನಲ್ಲಿ ಮಾಸ್ಟರ್ಸ್ ಎಂದರೆ ಇಪ್ಪತ್ತೈದು ದಾಟಿದ ಯಾರಾದರೂ. 25ರಿಂದ 29, 30ರಿಂದ 34, ಹೀಗೆ ಐದೈದು ವರ್ಷಕ್ಕೊಂದು ಗುಂಪು. ಮೇಲಿನ ಮಿತಿ ಇಲ್ಲ. ಕಟ್ಟೆಯ ಮೇಲಿಂದ ಹಾರಲು ಭಯವಾದರೆ ನೀರಿಗಿಳಿದು ಗೋಡೆಯನ್ನು ಒದ್ದು ಶುರು ಮಾಡಬಹುದು, ನಿಯಮದಲ್ಲೇ ಅವಕಾಶವಿದೆ. ನಾನು ಹಾಗೆಯೇ ಶುರು ಮಾಡಿದೆ.

ಅರ್ಜಿಯಲ್ಲಿ ‘ಎಂಟ್ರಿ ಟೈಮ್’ ಎಂಬ ಕಲಂ ಇತ್ತು. ಹಿಂದೆಂದೂ ಸ್ಪರ್ಧೆಯಲ್ಲಿ ಈಜದವರು ಅಲ್ಲಿ ‘ಎನ್‌ಟಿ’ ಎಂದು ಬರೆಯಬೇಕು. ಎನ್‌ಟಿ ಎಂದರೆ ನೋ ಟೈಮ್. ಬರೆಯುತ್ತಿದ್ದಾಗ ನಗು ಬಂತು. ಬೆಳಗಿನ ಜಾವಕ್ಕೆ ಎದ್ದು ಮಲ್ಲಿಗೆ ಬಿಡಿಸಿ, ಹೂವನ್ನು ಬಸ್ಸಿಗೆ ಹಾಕಿ, ಆಮೇಲೆ ರೊಟ್ಟಿ ಬಡಿಯುವ ನನ್ನ ಅವ್ವನನ್ನು ಏನು ಕೇಳಿದರೂ ಬರುವ ಉತ್ತರ ಅದೇ: ‘ನನಗೆಲ್ಲಿ ಟೈಮ್ ಐತಿ?’

ಆ ಮೀಟಿನಲ್ಲಿ ನಾನು 50 ಮೀಟರ್ ಫ್ರೀಸ್ಟೈಲ್ ಮುಗಿಸಿದ್ದು 1 ನಿಮಿಷ 6.40 ಸೆಕೆಂಡಿನಲ್ಲಿ. ಅಭ್ಯಾಸ ಮಾಡಿದ್ದು 25 ಮೀಟರಿನ ಕೊಳದಲ್ಲಿ, ಸ್ಪರ್ಧೆ 50 ಮೀಟರಿನ ಕೊಳದಲ್ಲಿ. ಅರ್ಧಕ್ಕೆ ಗೋಡೆ ಬರುತ್ತದೆಂದು ಕೈ ಕಾಯುತ್ತಿತ್ತು, ಬರಲಿಲ್ಲ. ಹೀಟಿನಲ್ಲಿ ಎಲ್ಲರಿಗಿಂತ ಕೊನೆಗೆ ಮುಟ್ಟಿದೆ. ಹೀಟುಗಳನ್ನು ವಯಸ್ಸಿಗಿಂತ ಹೆಚ್ಚಾಗಿ ವೇಗ ನೋಡಿ ಜೋಡಿಸುತ್ತಾರಾದ್ದರಿಂದ ನನ್ನ ಪಕ್ಕದ ಲೇನಿನಲ್ಲಿ ಅರವತ್ತು ದಾಟಿದ ಅಮ್ಮ ಒಬ್ಬರಿದ್ದರು. ನನಗಿಂತ ನಾಲ್ಕು ಸೆಕೆಂಡ್ ಮೊದಲೇ ಮುಟ್ಟಿ, ಲೇನಿನ ಹಗ್ಗದ ಮೇಲೆ ಕೈಯಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದರು. ‘ಮೊದಲ್ನೇ ಸಲಾನಾ? ಮುಂದಿನ್ ವರ್ಷ ನನ್ನ ಹಿಡೀತೀಯ ಬಿಡು’ ಎಂದರು. ಹಿಡಿದೆ. ಈಗ ನನ್ನ ಪರ್ಸನಲ್ ಬೆಸ್ಟ್ 49.86.

ಈ ಸಂಖ್ಯೆಗೆ ಜಗತ್ತಿನಲ್ಲಿ ಯಾವ ಬೆಲೆಯೂ ಇಲ್ಲ. ಸ್ವೀಡನ್ನಿನ ಸಾರಾ ಹ್ಯೋಸ್ಟ್ರೋಮ್ 2023ರಲ್ಲಿ ಇದೇ ದೂರವನ್ನು 23.61 ಸೆಕೆಂಡಿನಲ್ಲಿ ಮುಗಿಸಿದ್ದಾಳೆ. ನಾನು ಅದರ ಎರಡರಷ್ಟಕ್ಕಿಂತ ಹೆಚ್ಚು ಸಮಯ ತೆಗೆದುಕೊಳ್ಳುತ್ತೇನೆ. ಹಾಗಿದ್ದರೂ ಒಂದು ನಿಮಿಷ ಆರು ಸೆಕೆಂಡಿನಿಂದ ಐವತ್ತರೊಳಗೆ ಬರಲು ಮೂರು ವರ್ಷ ಹಿಡಿಯಿತು, ಆ ಮೂರು ವರ್ಷ ನನಗೆ ಯಾವ ಪದವಿಯೂ ಕಲಿಸದ ಒಂದು ವಿಷಯ ಕಲಿಸಿತು.

ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ವೇಗ ಎರಡು ಪಟ್ಟಾದರೆ ನೀರಿನ ಎಳೆತ ಸುಮಾರು ನಾಲ್ಕು ಪಟ್ಟಾಗುತ್ತದೆ. ಹಾಗಾಗಿ ಜೋರಾಗಿ ಕೈ ಬಡಿದಷ್ಟೂ ಸುಸ್ತು ಹೆಚ್ಚುತ್ತದೆ, ಟೈಮ್ ಕಡಿಮೆಯಾಗುವುದಿಲ್ಲ. ಮೊದಲು 25 ಮೀಟರಿಗೆ 28 ಸಲ ಕೈ ಹಾಕುತ್ತಿದ್ದೆ, ಈಗ 21. ಕೈ ಕಡಿಮೆಯಾಯಿತು, ವೇಗ ಹೆಚ್ಚಾಯಿತು. ಗೋಡೆ ಒದ್ದ ಮೇಲೆ ಮೈಯನ್ನು ಕಡ್ಡಿಯಂತೆ ನೇರ ಹಿಡಿದರೆ ಒಂದು ಸೆಕೆಂಡ್ ಸಿಕ್ಕಿತು. ಉಸಿರಿಗೆ ಮುಖ ತಿರುಗಿಸುವಾಗ ಒಂದು ಕಣ್ಣು ನೀರಿನಲ್ಲೇ ಉಳಿಸಿದರೆ ಅರ್ಧ ಸೆಕೆಂಡ್. ಮೊದಲ ವರ್ಷ ಸೆಕೆಂಡುಗಳು ಗೊಂಚಲು ಗೊಂಚಲಾಗಿ ಉದುರಿದವು. ಕಳೆದ ಐದು ತಿಂಗಳಲ್ಲಿ ಕಡಿಮೆಯಾಗಿರುವುದು 0.38 ಸೆಕೆಂಡ್ ಮಾತ್ರ, ಒಂದು ಸಲ ಕಣ್ಣು ಮಿಟುಕಿಸಿದಷ್ಟು. ಅದಕ್ಕಾಗಿ ವಾರಕ್ಕೆ ಎರಡು ದಿನ ಬೆಳಿಗ್ಗೆ ಐದಕ್ಕೆ ಬಸ್ಸು ಹತ್ತಿ ದೂರದ ಕೊಳಕ್ಕೆ ಹೋಗಿದ್ದೇನೆ.

*

ಇಲ್ಲಿಗೆ ನನ್ನ ಸಾಹಿತ್ಯದ ಗೆಳೆಯರು ತಡೆಯುತ್ತಾರೆ. ಅವರ ಮೊದಲ ಆಕ್ಷೇಪ ಇದು: ಈಜು ಕಲಿ, ಒಳ್ಳೆಯದು. ಆದರೆ ಸ್ಪರ್ಧೆ ಏಕೆ, ಸ್ಟಾಪ್‌ವಾಚ್ ಏಕೆ? ಎಲ್ಲವನ್ನೂ ಅಳೆಯುವ ಈ ಕಾಲದ ರೋಗ ನೀರಿಗೂ ಬೇಕೆ? ಸುಮ್ಮನೆ ತೇಲಬಾರದೆ?

ಸುಮ್ಮನೆ ತೇಲುವುದು ಚೆಂದವೇ. ಆದರೆ ಅಳತೆಯ ಬಗ್ಗೆ ಅಸಹ್ಯಪಡಲು ಮೊದಲು ಅಳತೆಗೆ ಸಿಕ್ಕಿರಬೇಕಾಗುತ್ತದೆ. ನನ್ನನ್ನು ಇದುವರೆಗೆ ಅಳೆದದ್ದೆಲ್ಲ ಬೇರೆಯವರು. ಶಾಲೆಯ ಅಂಕ, ಗಂಡಿನ ಕಡೆಯವರ ಕಣ್ಣು, ಸಂದರ್ಶನದ ಸಮಿತಿ, ಪ್ರಗತಿ ವರದಿಯ ಮೇಲಿನ ಸಹಿ. ಸಂಶೋಧನೆ ಮಾಡುವವರಿಗೆ ಇದು ಗೊತ್ತು. ಒಂದು ಅಧ್ಯಾಯ ಚೆನ್ನಾಗಿದೆಯೋ ಇಲ್ಲವೋ ಎಂಬುದು ಓದುವವರ ಮೂಡಿನ ಮೇಲೆ, ಕೆಲವೊಮ್ಮೆ ನಮ್ಮ ಅಡ್ಡಹೆಸರಿನ ಮೇಲೆ ನಿಂತಿರುತ್ತದೆ. ಗೋಡೆ ಮುಟ್ಟಿದ ಕೈಗೆ ಅಡ್ಡಹೆಸರಿಲ್ಲ. 49.86 ಎಂದರೆ 49.86. ಹೋದ ವರ್ಷದ ನನಗೂ ಈ ವರ್ಷದ ನನಗೂ ನಡುವೆ ಇರುವ ದೂರ ಅದು, ಯಾರ ಸಹಿಯೂ ಬೇಕಿಲ್ಲ.

ಗಡಿಯಾರವೂ ಪೂರ್ತಿ ನ್ಯಾಯವಂತನಲ್ಲ, ಒಪ್ಪುತ್ತೇನೆ. ಆರನೆಯ ವಯಸ್ಸಿಗೆ ಕೊಳಕ್ಕಿಳಿದವಳ ಮತ್ತು ಇಪ್ಪತ್ನಾಲ್ಕಕ್ಕೆ ಇಳಿದವಳ ನಡುವಿನ ಅಂತರವನ್ನೆಲ್ಲ ಅದು ‘ಪ್ರತಿಭೆ’ ಎಂದು ತೋರಿಸಿಬಿಡುತ್ತದೆ. ಅದಕ್ಕಾಗಿಯೇ ನಾನು ಪದಕದ ಬಗ್ಗೆ ಮಾತಾಡುತ್ತಿಲ್ಲ, ತನ್ನದೇ ಟೈಮನ್ನು ಇಳಿಸಿಕೊಳ್ಳುವುದರ ಬಗ್ಗೆ ಮಾತಾಡುತ್ತಿದ್ದೇನೆ.

ಇನ್ನೊಂದು ಕಾರಣ ಸರಳ. ಮುಳುಗದೆ ಉಳಿಯಲು ಸ್ಪರ್ಧೆ ಬೇಕಿಲ್ಲ. ನನ್ನ ಸಣ್ಣತ್ತೆಗೆ ದಡ ಮೂರು ಮೀಟರ್ ದೂರದಲ್ಲಿತ್ತು. ನನ್ನ ಈಗಿನ ವೇಗಕ್ಕೆ ಅದು ಮೂರು ಸೆಕೆಂಡ್, ಅವಳಿಗೆ ಅರ್ಧ ನಿಮಿಷ ತೇಲಲು ಬಂದಿದ್ದರೂ ಸಾಕಿತ್ತು. ಆದರೆ ಕಲಿತದ್ದು ಮೈಯಲ್ಲಿ ಉಳಿಯಬೇಕಾದರೆ ಮತ್ತೆ ಮತ್ತೆ ನೀರಿಗೆ ಹೋಗಬೇಕು. ಮನೆ, ಮಕ್ಕಳು, ಕೆಲಸ ಇರುವ ವಯಸ್ಕರು ಬರೀ ಆರೋಗ್ಯ ಎಂಬ ಉಪದೇಶಕ್ಕೆ ಬೆಳಿಗ್ಗೆ ಏಳುವುದಿಲ್ಲ, ಮುಂದೆ ಒಂದು ದಿನ ಗೊತ್ತಾಗಿದ್ದರೆ ಏಳುತ್ತಾರೆ. 1970ರಲ್ಲಿ ಅಮೆರಿಕದ ಟೆಕ್ಸಾಸಿನ ಅಮರಿಲ್ಲೊ ಊರಿನಲ್ಲಿ ಮೊದಲ ರಾಷ್ಟ್ರೀಯ ಮಾಸ್ಟರ್ಸ್ ಮೀಟ್ ನಡೆದದ್ದು ಇದೇ ತರ್ಕದ ಮೇಲೆ. ಅದರ ಹಿಂದಿದ್ದವರು ನೌಕಾಪಡೆಯ ವೈದ್ಯ ರ‍್ಯಾನ್ಸಮ್ ಆರ್ಥರ್. ವಯಸ್ಕರಿಗೂ ಒಂದು ಗುರಿ ಕೊಟ್ಟರೆ ವ್ಯಾಯಾಮ ಬಿಡುವುದಿಲ್ಲ ಎಂಬುದು ಅವರ ಲೆಕ್ಕ. 1986ರಲ್ಲಿ ಟೋಕಿಯೊದಲ್ಲಿ ಮೊದಲ ವಿಶ್ವ ಮಾಸ್ಟರ್ಸ್ ನಡೆಯಿತು. 2015ರಲ್ಲಿ ಜಪಾನಿನ ಮಿಯೆಕೊ ನಾಗಾವೊಕಾ ಎಂಬ ಅಜ್ಜಿ ನೂರನೆಯ ವಯಸ್ಸಿನಲ್ಲಿ 1500 ಮೀಟರ್ ಈಜಿ ಮುಗಿಸಿದರು, ಒಂದು ಗಂಟೆ ಹದಿನೈದು ನಿಮಿಷ ಚಿಲ್ಲರೆ. ಆಕೆ ಈಜಿಗೆ ಬಂದದ್ದು ಎಂಬತ್ತು ದಾಟಿದ ಮೇಲೆ, ಮೊಣಕಾಲು ನೋವಿಗೆಂದು. ನಮ್ಮಲ್ಲಿ ಐವತ್ತಕ್ಕೆ ಮೊಣಕಾಲು ಹಿಡಿದುಕೊಂಡು ಕೂತ ಎಷ್ಟು ಅವ್ವಂದಿರಿಲ್ಲ?

*

ಎರಡನೆಯ ಆಕ್ಷೇಪ ಗಟ್ಟಿಯಾದದ್ದು. ಅದನ್ನು ನಮ್ಮ ಅಪ್ಪನೇ ಎತ್ತಿದ: ‘ಕುಡಿಯಾಕ ನೀರಿಲ್ಲ, ಈಜಾಕ ಕೊಳ ಬೇಕಾ?’

ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ ಕಡೆಯವರು ಹೀಗೆ ಕೇಳಿದರೆ ತಲೆ ತಗ್ಗಿಸಿ ಕೇಳಿಸಿಕೊಳ್ಳಬೇಕು. ಮಳೆಯನ್ನೇ ನಂಬಿದ ಸೀಮೆ ಅದು. ಎಷ್ಟೋ ಕಡೆ ಬೋರ್‌ವೆಲ್ ಕೊರೆದರೆ ಧೂಳು ಬರುತ್ತದೆ. ಹಾಗಾಗಿ ಭಾವುಕರಾಗದೆ ಲೆಕ್ಕ ಹಾಕೋಣ. 25 ಮೀಟರ್ ಉದ್ದ, ಹನ್ನೆರಡೂವರೆ ಮೀಟರ್ ಅಗಲ, ಸರಾಸರಿ 1.35 ಮೀಟರ್ ಆಳದ ಆರು ಲೇನಿನ ಕೊಳಕ್ಕೆ ಬೇಕಾಗುವ ನೀರು ಸುಮಾರು 4.2 ಲಕ್ಷ ಲೀಟರ್. ಇದು ದೊಡ್ಡದಾಗಿ ಕಾಣುತ್ತದೆ. ಆದರೆ ಒಂದು ಎಕರೆ ಭತ್ತದ ಗದ್ದೆಯಲ್ಲಿ ಹತ್ತು ಸೆಂಟಿಮೀಟರ್ ನೀರು ನಿಲ್ಲಿಸಿ ನೋಡಿ, ಅದೂ 4 ಲಕ್ಷ ಲೀಟರ್ ಆಗುತ್ತದೆ. ಭತ್ತಕ್ಕೆ ಹಾಗೆ ಒಂದು ಬೆಳೆಯಲ್ಲಿ ಎಷ್ಟೋ ಸಲ ನೀರು ಕಟ್ಟುತ್ತಾರೆ. ಕೊಳದ ನೀರನ್ನು ದಿನಾ ಬದಲಿಸುವುದಿಲ್ಲ. ಸೋಸಿ, ಶುದ್ಧಮಾಡಿ ಅದನ್ನೇ ತಿರುಗಿಸುತ್ತಾರೆ. ಬಿರುಬೇಸಿಗೆಯಲ್ಲಿ ದಿನಕ್ಕೆ ಎಂಟು ಮಿಲಿಮೀಟರ್ ಆವಿಯಾದರೂ ಹೋಗುವುದು 2500 ಲೀಟರ್. ಮೇಲೆ ನೆರಳು ಹಾಕಿದರೆ ಇನ್ನೂ ಕಡಿಮೆ. ಫಿಲ್ಟರ್ ತೊಳೆಯಲು ಒಂದಿಷ್ಟು ಸೇರಿಸಿಕೊಳ್ಳಿ. ತುಂಗಭದ್ರೆಯ ನೀರಿನಲ್ಲಿ ಎಕರೆಗಟ್ಟಲೆ ಭತ್ತ, ಕಬ್ಬು ಬೆಳೆಯುವಾಗ ಏಳದ ‘ಕುಡಿಯುವ ನೀರಿಲ್ಲ’ ಎಂಬ ಮಾತು ಹೆಣ್ಣುಮಕ್ಕಳು ಈಜು ಕಲಿಯುತ್ತೇವೆ ಎಂದಾಗ ಏಳುವುದು ಏಕೆ?

ನೀರಿಲ್ಲದ ಸೀಮೆಯಲ್ಲಿ ನೀರಿನಲ್ಲಿ ಸಾಯುವವರು ಇಲ್ಲವೆಂದೂ ತಿಳಿಯಬೇಡಿ. ತೆರೆದ ಬಾವಿಗಳು ಬತ್ತಿದವು, ಬದಲಿಗೆ ಕೃಷಿ ಹೊಂಡಗಳು ಬಂದವು. 2014ರಲ್ಲಿ ಶುರುವಾದ ಕೃಷಿ ಭಾಗ್ಯ ಯೋಜನೆ ಒಣಬೇಸಾಯದ ರೈತರಿಗೆ ಉಪಕಾರವನ್ನೇ ಮಾಡಿತು. ಆದರೆ ಹೊಂಡದ ಒಳಗೆ ಹಾಸುವ ಪ್ಲಾಸ್ಟಿಕ್ ಹಾಳೆಯ ಮೇಲೆ ಕಾಲಿಟ್ಟರೆ ಜಾರುತ್ತದೆ, ಹತ್ತಲು ಹಿಡಿತ ಸಿಗುವುದಿಲ್ಲ. ಹಳೆಯ ಬಾವಿಗೆ ಮೆಟ್ಟಿಲಾದರೂ ಇದ್ದವು. ಬೇಲಿ ಇಲ್ಲದ ಹೊಂಡ, ಮರಳು ಬಗೆದ ಹೊಳೆ, ಕಾಲುವೆ. ದೇಶದಲ್ಲಿ ವರ್ಷಕ್ಕೆ 30 ಸಾವಿರಕ್ಕೂ ಹೆಚ್ಚು ಜನ ನೀರಿನಲ್ಲಿ ಮುಳುಗಿ ಸಾಯುತ್ತಾರೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ಅಂಕಿಗಳೇ ಹೇಳುತ್ತವೆ. ವಿಶ್ವಸಂಸ್ಥೆ 2021ರಿಂದ ಜುಲೈ 25ನ್ನು ಮುಳುಗುಸಾವು ತಡೆಯುವ ದಿನವೆಂದು ಗುರುತಿಸಿದೆ. ಶಾಲಾ ಮಕ್ಕಳಿಗೆ ಈಜು ಕಲಿಸಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಗಳಲ್ಲಿ ಒಂದು. ಮೀನುಗಾರರ ನಾಡಾದ ಐಸ್‌ಲ್ಯಾಂಡ್ 1940ರಲ್ಲೇ ಶಾಲೆಗಳಲ್ಲಿ ಈಜನ್ನು ಕಡ್ಡಾಯ ಮಾಡಿತು. ನಮ್ಮಲ್ಲಿ ಮಾಡುವುದು ಒಂದೇ: ‘ಇಲ್ಲಿ ನೀರಿಗೆ ಇಳಿಯಬಾರದು’ ಎಂಬ ಬೋರ್ಡು. ಬಟ್ಟೆ ಒಗೆಯುವವಳು ಬೋರ್ಡು ಓದಿ ಮನೆಗೆ ವಾಪಸ್ ಹೋಗುತ್ತಾಳೆಯೆ?

*

ಮೂರನೆಯ ಆಕ್ಷೇಪ: ಇದೆಲ್ಲ ಉಳ್ಳವರ ಆಟ. ಕ್ಯಾಪು, ಕನ್ನಡಕ, ಕಾಸ್ಟ್ಯೂಮು, ಶುಲ್ಕ.

ನಿಜ, ಈಗ ಹಾಗೆಯೇ ಇದೆ. ಕರ್ನಾಟಕ ದೇಶಕ್ಕೆ ಈಜುಗಾರರನ್ನು ಕೊಟ್ಟ ರಾಜ್ಯ. 2000ದ ಸಿಡ್ನಿ ಒಲಿಂಪಿಕ್ಸ್‌ಗೆ ಹೋದ ನಿಶಾ ಮಿಲ್ಲೆಟ್, ಟೋಕಿಯೊಗೂ ಪ್ಯಾರಿಸ್‌ಗೂ ಹೋದ ಶ್ರೀಹರಿ ನಟರಾಜ್, ಹದಿನಾಲ್ಕನೆಯ ವಯಸ್ಸಿಗೇ ಪ್ಯಾರಿಸ್‌ನಲ್ಲಿ ಈಜಿದ ಧಿನಿಧಿ ದೇಸಿಂಗು, ಎಲ್ಲರೂ ಬೆಂಗಳೂರಿನ ಕೊಳಗಳಲ್ಲಿ ಬೆಳೆದವರು. ಅವರ ಸಾಧನೆಗೆ ನನ್ನ ನಮಸ್ಕಾರವಿದೆ. ಆದರೆ ನಾವು ‘ಕರ್ನಾಟಕದ ಈಜು’ ಎಂದು ಹೆಮ್ಮೆಪಡುವುದು ಬಹುಮಟ್ಟಿಗೆ ಒಂದೇ ನಗರದ ಈಜಿನ ಬಗ್ಗೆ. ತುಂಗಭದ್ರೆ ಹರಿಯುವುದು ಮಾತ್ರ ಹರಪನಹಳ್ಳಿ, ಹಡಗಲಿಯ ಅಂಚಿನಲ್ಲಿ.

ಬೆಂಗಳೂರಿನ ಆಚೆಗೆ ಸಾಧ್ಯವಿಲ್ಲವೆ? 2023ರ ನವೆಂಬರಿನಲ್ಲಿ ರಾಷ್ಟ್ರೀಯ ಮಾಸ್ಟರ್ಸ್ ಈಜು ಸ್ಪರ್ಧೆ ಮಂಗಳೂರಿನ ಎಮ್ಮೆಕೆರೆಯ ಹೊಸ ಕೊಳದಲ್ಲಿ ನಡೆಯಿತು. ಜಾಗದ ಹೆಸರನ್ನೇ ನೋಡಿ. ಎಮ್ಮೆಕೆರೆ ಎಂಬ ಹೆಸರಿನ ಜಾಗದಲ್ಲಿ ದೇಶದ ಬೇರೆ ಬೇರೆ ಕಡೆಯ ನಡುವಯಸ್ಸಿನವರು, ಮುದುಕರು ಬಂದು ಈಜಿದರು. ಅಲ್ಲಿ ಸರ್ಕಾರದ ದುಡ್ಡು ಹೋಯಿತು, ಕೊಳ ಬಂತು. ನಮ್ಮ ಐದು ತಾಲ್ಲೂಕುಗಳಿಗೆ ಬಂದದ್ದು ಏನು? ಹರಪನಹಳ್ಳಿ 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ವಾಪಸ್ ಬಂತು, 2021ರಲ್ಲಿ ವಿಜಯನಗರಕ್ಕೆ ಸೇರಿತು. ಬೋರ್ಡುಗಳ ಮೇಲಿನ ಜಿಲ್ಲೆಯ ಹೆಸರು ಮೂರು ಸಲ ಬದಲಾಯಿತು. ನಾನು ಶಾಲೆಗೆ ಹೋಗುವ ಕಾಲಕ್ಕೆ ನನ್ನ ಕಣ್ಣಿಗೆ ಬಿದ್ದ ಈಜುಕೊಳ ಸಿನಿಮಾದ್ದು ಮಾತ್ರ.

ಉಳ್ಳವರ ಆಟ ಎಂದು ಹೇಳಿ ಕೈತೊಳೆದುಕೊಂಡರೆ ಅದು ಉಳ್ಳವರ ಹತ್ತಿರವೇ ಉಳಿಯುತ್ತದೆ. ನೀರಿನ ಚರಿತ್ರೆ ನಮಗೆ ಬೇರೆ ಪಾಠ ಹೇಳುತ್ತದೆ. 1927ರ ಮಾರ್ಚ್ 20ರಂದು ಅಂಬೇಡ್ಕರ್ ಮಹಾಡದ ಚವದಾರ್ ಕೆರೆಗೆ ಇಳಿದಾಗ ನೀರು ನಮಗೆ ಬೇಡ ಎನ್ನಲಿಲ್ಲ, ಅದು ಸಾರ್ವಜನಿಕ ಎಂದರು. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ 1949ರ ಬೇಸಿಗೆಯಲ್ಲಿ ಫೇರ್‌ಗ್ರೌಂಡ್ ಪಾರ್ಕಿನ ಕೊಳವನ್ನು ಕರಿಯ ಮಕ್ಕಳಿಗೂ ತೆರೆದ ದಿನವೇ ಬಿಳಿಯರ ಗುಂಪು ಅವರ ಮೇಲೆ ಬಿತ್ತು. ಕುಡಿಯುವ ನೀರನ್ನಾದರೂ ಬೇರೆ ಲೋಟದಲ್ಲಿ ಎತ್ತಿ ಹುಯ್ಯಬಹುದು. ಈಜುಕೊಳದಲ್ಲಿ ಒಬ್ಬರ ಮೈ ಮುಟ್ಟಿದ ನೀರು ಇನ್ನೊಬ್ಬರ ಮೈ ಮುಟ್ಟುತ್ತದೆ, ಬಾಯಿಗೂ ಹೋಗುತ್ತದೆ. ಜಾತಿ ಹೆದರುವುದು ಇದಕ್ಕೇ. ಹೊಲದ ಬಾವಿಗೆ ಒಬ್ಬ ಯಜಮಾನ ಇರುತ್ತಾನೆ, ಅವನ ಕಣ್ಣಿನ ಸನ್ನೆಯೇ ಕಾನೂನು. ಸರ್ಕಾರದ ಕೊಳಕ್ಕೆ ಬೇಕಾದದ್ದು ಒಂದು ಚೀಟಿ. ಚೀಟಿಯ ಬೆಲೆ ಹೆಚ್ಚಾದರೆ ಕಡಿಮೆ ಮಾಡಿ ಎಂದು ಧರಣಿ ಕೂರಬಹುದು. ಅಜ್ಜನ ಬಾವಿಯ ಮುಂದೆ ಧರಣಿ ಕೂತವರನ್ನು ನಾನಂತೂ ಕಂಡಿಲ್ಲ.

ಬಾವಿಯ ನೆನಪನ್ನು ಬರೆಯುವವರು ಇಷ್ಟನ್ನು ಯೋಚಿಸಿದರೆ ಸಾಕು. ಅವರ ಸೋರೆ ಬುರುಡೆಯನ್ನು ಕಿತ್ತುಕೊಳ್ಳುವ ಆಸೆ ನನಗಿಲ್ಲ. ಅದನ್ನು ಕ್ಲೋರಿನ್ ನೀರಿನ ವಿರುದ್ಧ ಸಾಕ್ಷಿಯಾಗಿ ತಂದು ನಿಲ್ಲಿಸಬೇಡಿ ಎನ್ನುತ್ತಿದ್ದೇನೆ. ಕ್ಲೋರಿನ್ ವಾಸನೆ ಮೂಗಿಗೆ ಹೊಡೆಯುತ್ತದೆ, ಕೂದಲು ಒರಟಾಗುತ್ತದೆ, ಎಲ್ಲ ನಿಜ. ನನಗೆ ಮಾತ್ರ ಅದು ಒಳಗೆ ಬಾ ಎಂದು ಮೊದಲ ಸಲ ಕರೆದ ನೀರಿನ ವಾಸನೆ.

*

ಕೇಳುವುದಾದರೆ ಸ್ಪಷ್ಟವಾಗಿ ಕೇಳಬೇಕು. ಐದು ತಾಲ್ಲೂಕಿಗೆ ಐದು ಕೊಳ ಈಗಲೇ ಬೇಡ, ಮೊದಲು ಒಂದು ಆಗಲಿ. ಹಗರಿಬೊಮ್ಮನಹಳ್ಳಿ ನಡುವೆ ಇದೆ. ಹೊಸಪೇಟೆ–ಹರಿಹರ ರೈಲು ಅದನ್ನೂ ಕೊಟ್ಟೂರನ್ನೂ ಹರಪನಹಳ್ಳಿಯನ್ನೂ ಪೋಣಿಸುತ್ತದೆ, ಕೂಡ್ಲಿಗಿಗೂ ಹಡಗಲಿಗೂ ಬಸ್ಸುಗಳಿವೆ. ಒಲಿಂಪಿಕ್ ಅಳತೆ ಬೇಕಿಲ್ಲ, 25 ಮೀಟರ್ ಸಾಕು. ನಮ್ಮದು ಕಲ್ಯಾಣ ಕರ್ನಾಟಕ, ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನದಲ್ಲಿ ಭವನ, ಕಮಾನು, ವೃತ್ತ ಕಟ್ಟಲು ಬರುವುದಾದರೆ ಕೊಳವನ್ನೂ ಕಟ್ಟಬಹುದು.

ಕಟ್ಟಿದ ಮೇಲಿನ ಮಾತು ಇನ್ನೂ ಮುಖ್ಯ. ಹೆಂಗಸರ ಬ್ಯಾಚಿಗೆ ಹೆಣ್ಣು ತರಬೇತುದಾರಳೇ ಇರಲಿ. ನಾನು ಅಭ್ಯಾಸ ಮಾಡುತ್ತಿದ್ದ ಒಂದು ಕೊಳದಲ್ಲಿ ‘ಜನ ಕಡಿಮೆ’ ಎಂದು ಮೊದಲು ರದ್ದು ಮಾಡಿದ್ದು ಹೆಂಗಸರ ಬ್ಯಾಚನ್ನೇ. ಜನ ಏಕೆ ಕಡಿಮೆ ಎಂದು ಯಾರೂ ಕೇಳಲಿಲ್ಲ. ಬ್ಯಾಚ್ ಇದ್ದದ್ದು ಬೆಳಿಗ್ಗೆ ಆರಕ್ಕೆ. ಬೆಳಿಗ್ಗೆ ಆರಕ್ಕೆ ಹಡಗಲಿ ಕಡೆಯ ಹೆಂಗಸರು ಮಲ್ಲಿಗೆ ತೋಟದಲ್ಲಿರುತ್ತಾರೆ, ಉಳಿದ ಕಡೆಯವರು ಒಲೆಯ ಮುಂದೆ. ಹನ್ನೊಂದು ಗಂಟೆಗೆ ಇಟ್ಟು ನೋಡಿ. ಮೈ ಮುಚ್ಚುವ ಉಡುಪಿಗೆ ಅವಕಾಶ ಕೊಡಿ, ಅದರಿಂದ ವೇಗ ಕಡಿಮೆಯಾಗುತ್ತದೆ, ಆಗಲಿ. ಹೈಸ್ಕೂಲಿನ ಮಕ್ಕಳಿಗೆ ತೇಲುವುದು, ದಡ ಮುಟ್ಟುವುದು, ಮುಳುಗುತ್ತಿರುವವರಿಗೆ ನೀರಿಗೆ ಹಾರದೆ ಹಗ್ಗವನ್ನೋ ಸೀರೆಯನ್ನೋ ಎಸೆಯುವುದು, ಇಷ್ಟನ್ನು ಕಡ್ಡಾಯವಾಗಿ ಕಲಿಸಿ.

ಮತ್ತೆ ವರ್ಷಕ್ಕೊಂದು ಸಲ ಐದು ತಾಲ್ಲೂಕಿನ ಮೀಟ್ ನಡೆಸಿ. ಕಬಡ್ಡಿಗೆ, ವಾಲಿಬಾಲಿಗೆ ಊರೂರೇ ಸೇರುವ ಸೀಮೆ ನಮ್ಮದು, ಕೊಟ್ಟೂರಿನವರಿಗೂ ಕೂಡ್ಲಿಗಿಯವರಿಗೂ ಜಿದ್ದು ಹುಟ್ಟಿಸಲು ಯಾರೂ ಕಲಿಸಬೇಕಿಲ್ಲ. ಮಾಸ್ಟರ್ಸ್ ಈಜಿನಲ್ಲಿ ನನಗೆ ತುಂಬ ಇಷ್ಟವಾದ ನಿಯಮವೊಂದಿದೆ. ರಿಲೇಯಲ್ಲಿ ನಾಲ್ವರ ವಯಸ್ಸನ್ನು ಕೂಡಿಸಿ ಗುಂಪು ಮಾಡುತ್ತಾರೆ: 100ರಿಂದ 119, 120ರಿಂದ 159, 160ರಿಂದ 199, ಹೀಗೆ. ಒಬ್ಬಳ ವಯಸ್ಸು ಹೆಚ್ಚಿದ್ದರೆ ಅದು ತಂಡಕ್ಕೆ ಭಾರವಲ್ಲ, ಲೆಕ್ಕಕ್ಕೆ ಬರುತ್ತದೆ. ವಯಸ್ಸಾದ ಹೆಂಗಸನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಬೇರೆ ಯಾವ ಆಟ ನಿಮಗೆ ಗೊತ್ತು? ನಮ್ಮ ಮನೆಯಲ್ಲಿ ನಾನು 28, ಅತ್ತಿಗೆ 32, ಅವ್ವ 50, ದೊಡ್ಡವ್ವ 57. ಕೂಡಿದರೆ 167. ತಂಡ ಸಿದ್ಧವಿದೆ, ಮೂವರಿಗೆ ಈಜು ಬರುವುದಿಲ್ಲ ಅಷ್ಟೆ.

ಹೋದ ಬೇಸಿಗೆಯಲ್ಲಿ ಅವ್ವನನ್ನು ನಾನು ಹೋಗುವ ಕೊಳಕ್ಕೆ ಒಂದು ದಿನ ಕರೆದುಕೊಂಡು ಹೋದೆ. ಸೀರೆಯಲ್ಲಿ ಒಳಗೆ ಬಿಡಲಿಲ್ಲ. ಅವಳೂ ಇಳಿಯುತ್ತೇನೆಂದು ಹಟ ಮಾಡಲಿಲ್ಲ. ದಡದ ಬೆಂಚಿನ ಮೇಲೆ ಕೂತು ನನ್ನ ಚೀಲ, ಟವೆಲು, ಚಪ್ಪಲಿ ಕಾಯ್ದಳು. ನಾನು ನಾಲ್ಕು ಸುತ್ತು ಹಾಕಿ ಬಂದಾಗ ಕೇಳಿದಳು: ‘ಆ ಗೋಡಿ ಮುಟ್ಟಿ ಬರಾಕ ಎಷ್ಟೊತ್ತಾತು?’ ಹೇಳಿದೆ. ‘ಹೋದ್ ಸಲಕ್ಕಿಂತ ಲಗೂನ ಬಂದೆಲ್ಲ’ ಅಂದಳು. ಬರುವ ದಾರಿಯಲ್ಲಿ ಬಸ್ಸಿನಲ್ಲಿ, ತನ್ನಂಥವರಿಗೆ ಎಷ್ಟು ದಿನದಲ್ಲಿ ಬರುತ್ತದೆ ಎಂದು ಮೆಲ್ಲಗೆ ವಿಚಾರಿಸಿದಳು.

ಅರ್ಜಿಯಲ್ಲಿ ನನ್ನ ಹೆಸರಿನ ಮುಂದೆ ಈಗ 49.86 ಎಂದು ಬರೆಯುತ್ತೇನೆ. ಅವ್ವನ ಹೆಸರಿನ ಮುಂದೆ ಎನ್‌ಟಿ ಎಂದು ಬರೆಯಬೇಕು. ಬರೆಯಲು ನಮ್ಮ ಸೀಮೆಯಲ್ಲಿ ಒಂದು ಕೊಳ ಬೇಕು, ಒಂದು ಮೀಟ್ ಬೇಕು. ಅಲ್ಲಿಯವರೆಗೆ, ದಯವಿಟ್ಟು, ನಿಮ್ಮ ಬಾವಿಯ ಕಥೆಯನ್ನು ನಮಗೆ ಹೇಳಬೇಡಿ. ನಾವು ಅಲ್ಲೇ ಇದ್ದೆವು, ಬಟ್ಟೆ ಕಾಯುತ್ತಿದ್ದೆವು.